ಹಾಯಿದೋಣಿಗೆ ಡೀಸೆಲ್ ಬದಲು ಕರೆಂಟ್ ಮೋಟರ್: ಕಾಳಿ ಅಳಿವೆಯಲ್ಲಿ ಓಡಿಸಿ ನೋಡಿದ ಮೇಲೆ

ಹಾಯಿ ಬಿಚ್ಚಿ ಓಡಿಸುವವರು ಧೈರ್ಯವಾಗಿ ಹಾಕಿಸಿ. ಮೋಟರ್ ನಂಬಿಕೊಂಡೇ ಗೋವಾ ತನಕ ಹೋಗಿಬರುವವರು ಡೀಸೆಲ್ ಬಿಡಬೇಡಿ.

ನಮ್ಮದು 28 ಅಡಿಯ ಫೈಬರ್ ದೋಣಿ, ಕಾರವಾರದ ಕೋಡಿಬಾಗ ಕಡೆ ಕಾಳಿ ಹೊಳೆಯಲ್ಲಿ ಲಂಗರು ಹಾಕಿರುತ್ತದೆ. ಹಳೆಯ ಎಂಜಿನ್ ಇಳಿಸಿ 10 ಕಿಲೋವ್ಯಾಟ್ ಮೋಟರ್, 48 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೂರಿಸಿದೆವು. ಶಾಫ್ಟ್, ಪ್ರೊಪೆಲ್ಲರ್ ಹಳೆಯವೇ. ಬ್ಯಾಟರಿ ಹಿಡಿಯುವುದು ಸುಮಾರು 10 ಯೂನಿಟ್. ಒಂದು ಲೀಟರ್ ಡೀಸೆಲ್‌ನಲ್ಲೂ ಹತ್ತಿರ ಹತ್ತಿರ 10 ಯೂನಿಟ್ ಶಕ್ತಿ ಇರುತ್ತದೆ, ಆದರೆ ಎಂಜಿನ್ ಅದರಲ್ಲಿ ಶಾಫ್ಟಿಗೆ ಕೊಡುವುದು ಮೂರು ಯೂನಿಟ್ ಆಸುಪಾಸು, ಮಿಕ್ಕಿದ್ದೆಲ್ಲ ಬಿಸಿಯಾಗಿ, ಹೊಗೆಯಾಗಿ ಹೋಗುತ್ತದೆ. ಅಂದರೆ ಇಷ್ಟು ದೊಡ್ಡ ಬ್ಯಾಟರಿಯೂ ಮೂರು ಲೀಟರ್ ಡೀಸೆಲ್‌ಗೆ ಸಮ ಅಷ್ಟೇ. ಮಾರುವವರು ಈ ಲೆಕ್ಕ ಹೇಳುವುದಿಲ್ಲ, ನೀವೇ ಹಾಕಿಕೊಳ್ಳಬೇಕು.

ಎಲ್ಲರೂ ಕೇಳುವುದು ಎಷ್ಟು ದೂರ ಹೋಗುತ್ತದೆ ಅಂತ. ಅದು ವೇಗದ ಮೇಲೆ ನಿಂತಿದೆ. 4 ನಾಟ್‌ನಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಹೋಗುವಾಗ ಮೀಟರ್ 40 ಆಂಪಿಯರ್ ತೋರಿಸುತ್ತಿರುತ್ತದೆ. 5 ನಾಟ್‌ಗೆ ಏರಿಸಿ, 80 ದಾಟುತ್ತದೆ. ಒಂದೇ ಒಂದು ನಾಟ್ ಜಾಸ್ತಿಗೆ ಖರ್ಚು ಎರಡು ಪಟ್ಟು! ನಿಧಾನ ಹೋದರೆ ನಾಲ್ಕು ಗಂಟೆ ಆರಾಮಾಗಿ ಓಡುತ್ತದೆ, ಕುರುಮಗಡ ದ್ವೀಪಕ್ಕೆ ಹೋಗಿಬಂದರೂ ಕರೆಂಟ್ ಮಿಗುತ್ತದೆ. ಆದರೆ ವಾಪಸ್ ಬರುವಾಗ ಇಳಿತ ಶುರುವಾಗಿದ್ದರೆ ಲೆಕ್ಕ ಬುಡಮೇಲು. ಅಳಿವೆಯಲ್ಲಿ ನೀರು 2 ನಾಟ್ ಎದುರು ಬಂದರೆ, 4 ನಾಟ್‌ನಲ್ಲಿ ಓಡುವ ದೋಣಿ ನಿಜಕ್ಕೂ ಮುಂದೆ ಸಾಗುವುದು ಎರಡೇ, ಬ್ಯಾಟರಿ ಮಾತ್ರ ಅಷ್ಟೇ ಖಾಲಿಯಾಗುತ್ತದೆ. ಹಾಗಾಗಿ ಭರತದ ಹೊತ್ತು ನೋಡಿಕೊಂಡೇ ಹೊರಡುತ್ತೇವೆ.

ಬೆಳಗಿನ ಗಾಳಿ ಸತ್ತು ಮಧ್ಯಾಹ್ನದ ಪಡುಗಾಳಿ ಇನ್ನೂ ಏಳದ ಹೊತ್ತಿದೆಯಲ್ಲ, ಈ ಮೋಟರ್ ಬೆಲೆ ಗೊತ್ತಾಗುವುದು ಆಗ. ನಡುಕ ಇಲ್ಲ, ಡೀಸೆಲ್ ವಾಸನೆ ಇಲ್ಲ, ಪಕ್ಕದಲ್ಲಿ ಡಾಲ್ಫಿನ್ ಉಸಿರು ಬಿಟ್ಟರೆ ಬುಸ್ ಅಂತ ಕೇಳುತ್ತದೆ. ದೋಣಿ ಕಟ್ಟುವ ಧಕ್ಕೆಗೆ ಹಚ್ಚುವಾಗಲೂ ಸುಖ, ಹಿಡಿ ತಿರುಗಿಸಿದ ಕ್ಷಣವೇ ಪೂರ್ತಿ ಎಳೆತ ಸಿಗುತ್ತದೆ, ಹಿಂದಕ್ಕೂ ಅಷ್ಟೇ.

ಇನ್ನು ಕೂರಿಸಿಕೊಟ್ಟ ವರ್ಕ್‌ಶಾಪ್. ಕೇಬಲ್ ಕೆಲಸ ಬಹಳ ಚೊಕ್ಕ, ಪ್ರತಿ ತುದಿಗೂ ಲಗ್ ಒತ್ತಿ ಸ್ಲೀವ್ ಹಾಕಿ ಹೆಸರು ಬರೆದಿದ್ದಾರೆ. ಆದರೆ ಮೋಟರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನಿಯಂತ್ರಿಸುವ ಕಂಟ್ರೋಲರನ್ನು ದೋಣಿಯ ತಳದಲ್ಲಿ, ನೀರು ನಿಲ್ಲುವ ಜಾಗದ ಪಕ್ಕದಲ್ಲೇ ಬಿಗಿದಿದ್ದರು. ಉಪ್ಪುನೀರು ಸಿಡಿದರೆ ಏನು ಗತಿ ಅಂತ ಜಗಳ ಮಾಡಿ ಮೇಲಕ್ಕೆ ಹಾಕಿಸಿದೆವು, ಅದಕ್ಕೂ ಬೇರೆ ದುಡ್ಡು ತೆಗೆದುಕೊಂಡರು. ಇದು ಸರಿಯಲ್ಲ. ಇನ್ನೊಂದು ವಿಷಯ: ಮಿತಿ ಮೀರಿ ಕರೆಂಟ್ ಎಳೆದರೆ ಬ್ಯಾಟರಿಯ ಬಿಎಂಎಸ್ (ಬ್ಯಾಟರಿ ಹಾಳಾಗದಂತೆ ಕಾಯುವ ಸರ್ಕ್ಯೂಟ್) ತಟ್ಟನೆ ಕರೆಂಟ್ ಕಡಿದುಬಿಡುತ್ತದೆ. ಅಳಿವೆಯ ಅಲೆಯಲ್ಲಿ ಹಾಗಾದರೆ ದೋಣಿ ಬಂಡೆ ಕಡೆ ಹೋಗುತ್ತದೆ. ಕಂಟ್ರೋಲರ್‌ನ ಮಿತಿ ಬ್ಯಾಟರಿಯದಕ್ಕಿಂತ ಕಡಿಮೆ ಇದೆಯಾ ಅಂತ ನಿಮ್ಮೆದುರೇ ತೋರಿಸಲು ಹೇಳಿ.

ಹಾಯಿಯಲ್ಲಿ ಓಡುವಾಗ ಪ್ರೊಪೆಲ್ಲರ್ ತಿರುಗಿ ಬ್ಯಾಟರಿ ತಾನೇ ತುಂಬುತ್ತದೆ ಅನ್ನುವ ಮಾತಿಗೆ ಮರುಳಾಗಬೇಡಿ. ಇಷ್ಟು ಸಣ್ಣ ದೋಣಿಯಲ್ಲಿ ಬರುವುದು ತೀರಾ ಕಡಿಮೆ, ಮೇಲಿಂದ ವೇಗವೂ ತಗ್ಗುತ್ತದೆ. ಧಕ್ಕೆಯಲ್ಲಿ ಒಂದು ಕಿಲೋವ್ಯಾಟ್ ಚಾರ್ಜರ್ ಸಿಕ್ಕಿಸಿ ರಾತ್ರಿಯಿಡೀ ಬಿಡುವುದೇ ವಾಸಿ. ಮಳೆಗಾಲಕ್ಕೆ ದೋಣಿ ಮೇಲೆಳೆಯುವ ಮುಂಚೆ ಬ್ಯಾಟರಿ ಪೂರ್ತಿ ತುಂಬಿಸಿಡಬೇಡಿ, ಅರ್ಧಕ್ಕೆ ಬಿಟ್ಟು ಮೇನ್ ಸ್ವಿಚ್ ಆರಿಸಿ.