ಎದೆಹಾಲುಣಿಸಲು ಕಲಿಸುವ ಸಲಹೆಗಾರ್ತಿ: ಐದಕ್ಕೆ ನಾಲ್ಕೂವರೆ

ಹೆರಿಗೆಯಾದ ಮೇಲೆ ಮನೆಗೇ ಬಂದು ಹಾಲುಣಿಸುವುದನ್ನು ಕಲಿಸುವ ಸೇವೆ ಇದು. ಮೊಲೆತೊಟ್ಟು ಬಿರಿದು, ಮಗು ಬಾಯಿಟ್ಟರೆ ಸಾಕು ಕಣ್ಣಲ್ಲಿ ನೀರು ಬರುತ್ತಿತ್ತು. ಆಕೆ ಮೊದಲು ನೋಡಿದ್ದು ಮಗುವಿನ ಬಾಯಿಯನ್ನು. ತುದಿಯನ್ನಷ್ಟೇ ಚೀಪುತ್ತಿದೆ, ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು ಎಂದರು. ಮಗುವಿನ ಹೊಟ್ಟೆ ನನ್ನ ಮೈಗೆ ತಾಗುವಂತೆ ತಿರುಗಿಸಿ, ಅದು ಬಾಯಿ ಅಗಲಿಸಿದಾಗ ಎದೆಗೆ ಹಚ್ಚಿದರು. ಗುಟುಕರಿಸುವ ಸದ್ದು ಕೇಳಿಸಿತು, ನೋವೂ ಇಳಿಯಿತು.

ಇದಕ್ಕಿಂತ ಹಿಡಿಸಿದ್ದು ಅವರ ನೇರ ಮಾತು. "ಎದೆಹಾಲು ಕುಡಿದ್ರೆ ಬುದ್ಧಿ ಚುರುಕಾಗುತ್ತಂತೆ, ಹೌದಾ?" ಎಂದು ಕೇಳಿದೆ. ಬೆಲಾರೂಸ್‌ನಲ್ಲಿ 17,000ಕ್ಕೂ ಹೆಚ್ಚು ತಾಯಿ-ಮಕ್ಕಳ ಅಧ್ಯಯನ ನಡೆದಿತ್ತಂತೆ. ಹಾಲುಣಿಸಲು ವಿಶೇಷ ಬೆಂಬಲ ಸಿಕ್ಕ ಗುಂಪಿನ ಮಕ್ಕಳು ಆರೂವರೆ ವಯಸ್ಸಿನಲ್ಲಿ ಭಾಷಾ ಬುದ್ಧಿಮತ್ತೆಯಲ್ಲಿ ಸರಾಸರಿ 7.5 ಅಂಕ ಮುಂದಿದ್ದರು. 16ರ ಹೊತ್ತಿಗೆ ಆ ಅಂತರ ಬಹುಪಾಲು ಕರಗಿತ್ತು. ತಾಯಿಯ ಓದು, ಮನೆಯ ವಾತಾವರಣವೂ ಲೆಕ್ಕಕ್ಕೆ ಬರುತ್ತದೆ ಎಂದರು. "ಪುಡಿಹಾಲು ಕುಡಿದ ಮಗು ದಡ್ಡ ಆಗಲ್ಲಮ್ಮ. ಭೇದಿ, ಕಿವಿಸೋಂಕು ಕಡಿಮೆಯಾಗುತ್ತಲ್ಲ, ಹಾಲುಣಿಸೋಕೆ ಅದೇ ದೊಡ್ಡ ಕಾರಣ." ಹೆದರಿಸದೆ ಹೀಗೆ ಹೇಳುವವರು ಪ್ರತಿ ಬಾಣಂತಿಗೂ ಸಿಗಬೇಕು.

ಅರ್ಧ ಅಂಕ ಕಳೆದದ್ದು ರಾತ್ರಿ ಅವರು ಫೋನಿಗೆ ಸಿಗುವುದಿಲ್ಲವೆಂದು. ಹಸುಗೂಸಿನ ತಾಯಿಗೆ ಸಹಾಯ ಬೇಕಾಗುವುದೇ ಆಗ.