ಡೊಂಬಿವಲಿಯ ಮನೆಯ ಹಾಲ್‌ಗೆ ಯಾವ ಡಿಸ್ಕ್ ಪ್ಲೇಯರ್?

ಸಾಧಾರಣ ಬ್ಲೂ-ರೇ ಪ್ಲೇಯರ್, 4ಕೆ ಪ್ಲೇಯರ್, ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಇವುಗಳಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ. ಮೊದಲನೆಯದರ ಬೆಲೆ ಕಡಿಮೆ. ಟಿವಿ ಫುಲ್ ಎಚ್‌ಡಿಯದಾಗಿದ್ದು ಹಳೆಯ ಡಿವಿಡಿಗಳೇ ಹೆಚ್ಚಿದ್ದರೆ ಅಷ್ಟು ಸಾಕು, ಆದರೆ ಅದು 4ಕೆ ಡಿಸ್ಕನ್ನು ಓದಲಾರದು.

ಚಿತ್ರದ ಗುಣಮಟ್ಟವೇ ಮುಖ್ಯವಾದರೆ ನಾನು 4ಕೆ ಪ್ಲೇಯರನ್ನೇ ಹೇಳುತ್ತೇನೆ: 100 ಜಿಬಿವರೆಗಿನ ಡಿಸ್ಕಿನಲ್ಲಿ 3840×2160 ಚಿತ್ರವೂ ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚು ವ್ಯಾಪ್ತಿಯ) ಬಣ್ಣವೂ ಸಿಗುತ್ತವೆ, ಮೇಲಾಗಿ 4ಕೆ ಡಿಸ್ಕುಗಳಿಗೆ ವಲಯದ ನಿರ್ಬಂಧ (ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದಂತೆ ಮಾಡುವ ಕಟ್ಟು) ಇಲ್ಲದ್ದರಿಂದ ಅಮೆರಿಕದ ಬಂಧುಗಳು ತಂದುಕೊಟ್ಟದ್ದೂ ನಡೆಯುತ್ತದೆ. ಹಲವು ಬ್ಲೂ-ರೇಗಳಲ್ಲಿ ಹಾಗಲ್ಲ, ಅಮೆರಿಕ ‘ಎ’ ವಲಯವಾದರೆ ಭಾರತ ‘ಸಿ’.

ಮಕ್ಕಳು ಗೇಮ್ ಆಡುವ ಮನೆಗೆ ಪ್ಲೇಸ್ಟೇಷನ್ ಒಪ್ಪುತ್ತದೆ, ಆದರೆ ಅದರಲ್ಲಿ ಡಾಲ್ಬಿ ವಿಷನ್ ಎಂಬ ಎಚ್‌ಡಿಆರ್ ಬಗೆ ಇಲ್ಲ, ಆಡಿಯೊ ಸಿಡಿಯೂ ನಡೆಯುವುದಿಲ್ಲ. ಸಂಗೀತದ ಸಿಡಿಗಳನ್ನು ಜೋಪಾನ ಮಾಡಿಟ್ಟವರಿಗೆ ಇದು ದೊಡ್ಡ ಕೊರತೆ. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಳ್ಳುವುದಾದರೆ ನಿಮ್ಮದೇ ಡಿಸ್ಕ್ ಒಯ್ದು ಹಾಕಿಸಿ ನೋಡಿ.