ಸಪ್ತಾಪುರದ ತ್ರಿಕೋನಮಿತಿ ನೋಟ್ಸ್: ಸೂತ್ರ ಪಕ್ಕಾ, ಕೋನದಲ್ಲಿ ಎಡವಟ್ಟು

ಧಾರವಾಡದ ಸಪ್ತಾಪುರದ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಪಿಯುಸಿ ನೋಟ್ಸ್‌ಗಳಲ್ಲಿ ಇದೊಂದು. ಸೈನ್, ಕೊಸೈನ್ ಮೊತ್ತವನ್ನು ಒಂದೇ ಸೈನ್ ಮಾಡುವ ಪಾಠ ಶುರುವಿನಲ್ಲಿ ಭಾಳ ಚೆನ್ನಾಗಿದೆ. 3 ಸೈನ್ ಎಕ್ಸ್ + 4 ಕೊಸೈನ್ ಎಕ್ಸ್ ತೆಗೆದುಕೊಂಡು, 9 + 16ರ ವರ್ಗಮೂಲ 5 ಅನ್ನು ಹೊರಗೆಳೆದು, ಎಕ್ಸ್‌ಗೆ ಕೂಡಿಸಬೇಕಾದ ಕೋನ ಆಲ್ಫಾದ ಕೊಸೈನ್ 3/5, ಸೈನ್ 4/5 ಎಂದು ಬರೆದು, 5 ಸೈನ್ (ಎಕ್ಸ್ + 53.13°)ಕ್ಕೆ ಮುಟ್ಟಿಸುತ್ತದೆ. ಗರಿಷ್ಠ 5, ಕನಿಷ್ಠ −5 ನೋಡಿದ ಕೂಡಲೇ ತಿಳಿಯುತ್ತದೆ.

ತೊಂದರೆ ಮುಂದಿನ ಪುಟದಲ್ಲಿ. −3 ಸೈನ್ ಎಕ್ಸ್ + 4 ಕೊಸೈನ್ ಎಕ್ಸ್‌ಗೆ ಬರೀ ಟ್ಯಾನ್ ಆಲ್ಫಾ = −4/3 ಹಿಡಿದು, ಕ್ಯಾಲ್ಕುಲೇಟರ್ ಕೊಟ್ಟ −53.13° ಅನ್ನೇ ಅಚ್ಚು ಹಾಕಿದ್ದಾರೆ. ಎಕ್ಸ್ = 0 ಹಾಕಿ ನೋಡಿ: ಮೂಲದಲ್ಲಿ 4, ಅವರ ಉತ್ತರದಲ್ಲಿ −4! ಕೊಸೈನ್ ಋಣ, ಸೈನ್ ಧನ ಅಂದರೆ ಆಲ್ಫಾ ಎರಡನೇ ಚತುರ್ಥಕದಲ್ಲಿ (90° ಮತ್ತು 180°ರ ನಡುವೆ) ಇರಬೇಕು, ಅಂದರೆ 126.87°. ಟ್ಯಾನ್ ಒಂದೇ ನಂಬಿದರೆ 180° ತಪ್ಪುವ ಸಾಧ್ಯತೆ ಯಾವಾಗಲೂ ಇದೆ. ಮಕ್ಕಳಿಗೆ ಕಲಿಸಬೇಕಾದದ್ದೇ ಇದು.

ಸಮೀಕರಣದ ಭಾಗದಲ್ಲಿ ಇನ್ನೊಂದು ಕೊರತೆ. ಮೊದಲ ಮೊತ್ತ 2.5ಕ್ಕೆ ಸಮವಾದಾಗ, ಅಂದರೆ ಸೈನ್ (ಎಕ್ಸ್ + 53.13°) = 1/2 ಆದಾಗ, ಎಕ್ಸ್ + 53.13° = 150° ಹಿಡಿದು 96.87° ಒಂದನ್ನೇ ಕೊಟ್ಟಿದ್ದಾರೆ. ಎಕ್ಸ್ 0°ಯಿಂದ 360°ವರೆಗೆ ಇದ್ದರೆ ಎಕ್ಸ್ + 53.13°ರ ವ್ಯಾಪ್ತಿ 53.13°ಯಿಂದ 413.13°ವರೆಗೆ ಸರಿಯುವುದರಿಂದ, ಸೈನ್ 1/2 ಇರುವ 390° ಕೂಡ ಒಳಗೇ ಬರುತ್ತದೆ; 336.87° ಬಿಟ್ಟುಹೋಗಿದೆ.

ಮುದ್ರಣ ಸ್ವಚ್ಛ, ಅಭ್ಯಾಸದ ಲೆಕ್ಕ ಸಾಕಷ್ಟಿವೆ. ಕೊಳ್ಳಬಹುದು, ಆದರೆ ಋಣ ಚಿಹ್ನೆಯ ಪ್ರತಿ ಉತ್ತರಕ್ಕೂ ಎಕ್ಸ್ = 0 ಹಾಕಿ ತಾಳೆ ನೋಡಿ.